ಗುಂಡಿ ಇಲ್ಲದ ಪಾಳೇಗಾರ

ಎಪ್ಪತ್ತರ ದಶಕದ ಕೊನೆ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ನನಗೆ ವಾರ್ಷಿಕೋತ್ಸವದ ನಾಟಕದಲ್ಲಿ ಪಾಳೇಗಾರನ ಪಾತ್ರ ಬಂತು. ತುಮಕೂರಿನಿಂದ ಬಾಡಿಗೆ ಡ್ರೆಸ್ಸು ತರಿಸೋಣವೆಂದರು ಹೆಡ್‌ಮಾಸ್ಟರು.

"ಮಿಣಮಿಣ ಚಮಕಿ ಹಚ್ಕೊಂಡ ಪಾಳೇಗಾರ ಯಾವ ಪುಸ್ತಕದಲ್ಲಿದಾನೆ ಸಾರ್? ಉಡುಪು ನಾನೇ ಮಾಡಿಸ್ತೀನಿ" ಎಂದು ಘೋಷಿಸಿದೆ. ಮಾಡಿಸುವುದೆಂದರೆ ನನ್ನ ಹೆಂಡತಿ ಶಾಂತಳ ಕೈಯಲ್ಲಿ!

ಶಾಂತ ಹೊಲಿಗೆ ಮಿಷನ್ನಿನ ಮುಂದೆ ಕೂತು, "ಅಂಗಿಗೆ ಗುಂಡಿ ಇಡ್ಲಾ, ಹುಕ್ಕಾ?" ಎಂದಳು.

"ಎರಡೂ ಕೂಡದು. ಆ ಕಾಲ್ದಲ್ಲಿ ಲಾಡಿ ಕಟ್ಕೊಳ್ತಿದ್ರು."

"ಚಲ್ಲಣಕ್ಕೆ ಎಲಾಸ್ಟಿಕ್ಕು?"

"ಚರಿತ್ರೆಗೆ ಅಪಚಾರ!"

"ಮತ್ತೆ ಈ ಮಿಷನ್ನು ಆಗ ಇತ್ತಾ?"

ಮಿಷನ್ನಿಗೆ ವಿಶೇಷ ವಿನಾಯಿತಿ ನೀಡಿದೆ.

ನಾಟಕದ ದಿನ ನೋಡಿದರೆ ಮೈತುಂಬ ಲಾಡಿ. ಯಾವುದಕ್ಕೆ ಯಾವುದೆಂದು ತಿಳಿಯದೆ ಅಂಗಿಯ ಲಾಡಿಯನ್ನು ಚಲ್ಲಣದ ಲಾಡಿಗೆ ಬಿಗಿದುಬಿಟ್ಟೆ. ಬೆನ್ನು ನೆಟ್ಟಗಾಗಲಿಲ್ಲ! ಬಿಚ್ಚಲು ಪುರುಸೊತ್ತಿಲ್ಲ.

"ಕನ್ನಡಕನಾದ್ರೂ ಹಾಕ್ಕೊಳ್ರೀ" ಎಂದಳು ಶಾಂತ.

"ಪಾಳೇಗಾರ ಕನ್ನಡಕ ಹಾಕ್ತಾನೇನೇ?" ಎಂದು ಅದನ್ನು ಅವಳ ಕೈಗೇ ಕೊಟ್ಟು, ಬಾಗಿಕೊಂಡೇ ರಂಗಪ್ರವೇಶ ಮಾಡಿದೆ.

ಯುದ್ಧ ಗೆದ್ದ ಸೇನಾಪತಿಗೆ ಖಡ್ಗ ಕೊಟ್ಟು, ದ್ರೋಹಿ ಮಂತ್ರಿಯನ್ನು ಸೆರೆಗೆ ತಳ್ಳಿಸುವುದು ನನ್ನ ಕೆಲಸ. ಸೇನಾಪತಿ ನಮ್ಮ ಡ್ರಾಯಿಂಗ್ ಮಾಸ್ಟರು, ಮಂತ್ರಿ ಡ್ರಿಲ್ ಮಾಸ್ಟರು. ಆ ಕಾಲದಲ್ಲಿ ಎಲ್ಲರಿಗೂ ಕೆಂಪು ರುಮಾಲೇ ಎಂದು ಹಟ ಹಿಡಿದು ಸುತ್ತಿಸಿದ್ದವನು ನಾನೇ. ಈಗ ಎದುರಿಗೆ ಎರಡು ಕೆಂಪು ಮಸುಕು! ಅಂದಾಜಿನ ಮೇಲೆ ಒಂದನ್ನು ಅಪ್ಪಿಕೊಂಡು, "ನಾಡನ್ನುಳಿಸಿದ ವೀರನೇ, ಸ್ವೀಕರಿಸು!" ಎಂದು ಖಡ್ಗ ಕೊಟ್ಟೆ.

"ಸಾರ್, ನಾನು ದ್ರೋಹಿ!" ಎಂದು ಡ್ರಿಲ್ ಮಾಸ್ಟರು ಪಿಸುಗುಟ್ಟಿದರು.

ಗಾಬರಿಯಲ್ಲಿ ಇನ್ನೊಂದು ಕೆಂಪು ಮಸುಕಿನತ್ತ ಕೈ ತೋರಿಸಿದೆ. ಬಾಯಿಪಾಠ ಮಾಡಿದ್ದ ಮುಂದಿನ ಮಾತು ತಾನಾಗಿ ಹೊರಬಿತ್ತು: "ಇವನನ್ನು ಸೆರೆಗೆ ತಳ್ಳಿ!"

ಕಾವಲುಗಾರರು ಡ್ರಾಯಿಂಗ್ ಮಾಸ್ಟರನ್ನು ಎಳೆದರು. "ಯುದ್ಧ ಗೆದ್ದೋನು ನಾನು ಕಣ್ರಯ್ಯ! ಬುಡ್ರಯ್ಯ ನನ್ನ!" ಎಂದು ಅವರು ಗುಬ್ಬಿ ಪಕ್ಕದ ತಮ್ಮೂರು ಕಡಬದ ಅಚ್ಚ ಆಡುಮಾತಿನಲ್ಲಿ ಕೂಗಿಕೊಂಡರು. ತಡೆಯಲೆಂದು ನಾನು ದಿಢೀರನೆ ನೆಟ್ಟಗಾದೆ. ಲಾಡಿ ಪಟ್ಟೆಂದಿತು. ಚಲ್ಲಣ ಜಾರಿತು. ಒಳಗಿದ್ದ ಪಟಾಪಟಿ ಚಡ್ಡಿ ಮಾತ್ರ ಸಂಪೂರ್ಣ ಸಮಕಾಲೀನವಾಗಿತ್ತು!

ಪರದೆ ಬಿತ್ತು. ಸ್ವಲ್ಪ ತಡವಾಗಿ.

ಮರುದಿನ ಏನೂ ಆಗದವನಂತೆ ತರಗತಿಗೆ ಹೋಗಿ, "ಪಾಳೇಗಾರರ ಪತನಕ್ಕೆ ಕಾರಣವೇನು?" ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ತಮ್ಮೋರು ಯಾರು, ದ್ರೋಹಿ ಯಾರು ಅಂತ ಅವ್ರಿಗೆ ಗೊತ್ತಾಗ್ತಿರ್ಲಿಲ್ಲ ಸಾರ್" ಎಂದಳು.

ಪಠ್ಯಪುಸ್ತಕದಲ್ಲೂ ಹಾಗೆಯೇ ಇತ್ತು. ಅವಳು ಪಾಠ ಓದಿ ಹೇಳಿದಳೋ, ನಾಟಕ ನೋಡಿ ಹೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ!