ರೇಡಿಯೋ ಪೆಟ್ಟಿಗೆಯೊಳಗೆ ಬಾತುಕೋಳಿ ಪೇದೆ

ಒಂದು ಕಾಲದಲ್ಲಿ ರೇಡಿಯೋ ನಾಟಕಗಳಿಗೆ ಗುಡುಗು, ಮಳೆ, ಕುದುರೆ, ಕಳ್ಳಹೆಜ್ಜೆ ಎಲ್ಲದರ ಸದ್ದನ್ನೂ ಸರಬರಾಜು ಮಾಡಿದ್ದ ಅಜ್ಜನಿಗೆ ಸ್ವಂತ ಮನೆಯಲ್ಲಿ ಕೆಮ್ಮುವುದಕ್ಕೂ ಅಪ್ಪಣೆ ಇರಲಿಲ್ಲ. ಹೊತ್ತಿಲ್ಲ ಗೊತ್ತಿಲ್ಲ, ಟಿವಿಯ ಕಾರ್ಟೂನಿನಲ್ಲಿ ದಪ್ಪ ಬಾತುಕೋಳಿ ಪೇದೆಯೊಂದು ಏಡಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಅಜ್ಜ ಗಂಟಲು ಸರಿಮಾಡಿಕೊಂಡರೆ ಸಾಕು, ಪುಟ್ಟ ಮೊಮ್ಮಗಳು "ಶ್, ಅಜ್ಜ" ಎನ್ನುತ್ತಿದ್ದಳು. ಆ ಬಾತಿನ ಮೇಲೆ ಅವರಿಗೆ ಹಲ್ಲು ಕಡಿಯುವಷ್ಟು ಹಗೆ. (ಹಲ್ಲಿರಲಿಲ್ಲ, ಆ ಮಾತು ಬೇರೆ.)

ಹಾಗಿರುವಾಗ ಗೋಡೆಗೆ ಬಳಿಯಲು ಕಲಸಿಟ್ಟಿದ್ದ ಸುಣ್ಣ ಮಗುವಿನ ಕಣ್ಣಿಗೆ ಸಿಡಿಯಿತು. ಎರಡೂ ಕಣ್ಣಿಗೆ ಪಟ್ಟಿ. ಅಳಬಾರದು, ಉಜ್ಜಬಾರದು, ದೃಷ್ಟಿ ಉಳಿಯಿತೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೇ ಗೊತ್ತಾಗುವುದು ಎಂದರು ಕಣ್ಣಿನ ಡಾಕ್ಟರು. ಟಿವಿ ಬಾಯಿ ಮುಚ್ಚಿತು. ಅಜ್ಜ ಈಗ ಧಾರಾಳವಾಗಿ ಕೆಮ್ಮಬಹುದಿತ್ತು, ಕೆಮ್ಮು ಬರಲಿಲ್ಲ.

"ಇನ್ಮೇಲೆ ಬಾತು ಕಾಣಲ್ವಾ?" ಎಂದು ಮಗು ಕೇಳಿತು. ಅಳು ಕಟ್ಟೆಯೊಡೆಯುವ ಮುಂಚೆ ಅಜ್ಜನ ಬಾಯಿಂದ ತಾನಾಗಿಯೇ ಹೊರಟಿತು: "ಕ್ವಾಕ್."

ಓಡುತ್ತಾ ಓಡುತ್ತಾ ಬಾತೂ ಏಡಿಯೂ ಅಟ್ಟದ ಮೇಲಿನ ಹಳೇ ರೇಡಿಯೋ ಪೆಟ್ಟಿಗೆಯೊಳಗೆ ಬಿದ್ದುಬಿಟ್ಟಿವೆ ಎಂದು ಅಜ್ಜ ವರದಿ ಒಪ್ಪಿಸಿದರು. ಒಳಗೆ ಕಗ್ಗತ್ತಲು. ಬಣ್ಣವಿಲ್ಲ, ಚಿತ್ರವಿಲ್ಲ. ಸದ್ದು ಮಾಡಿದರೆ ಮಾತ್ರ ಅಲ್ಲಿ ಜೀವ, ಸುಮ್ಮನಾದರೆ ಮಾಯ. ಒದ್ದೆ ಚಪ್ಪಲಿ ಬಾತಿನ ನಡಿಗೆಯಾಯಿತು, ಇಕ್ಕಳ ಏಡಿಯ ಕೈಯಾಯಿತು, ಪಟಪಟ ಬಿಚ್ಚಿ ಮುಚ್ಚಿದ ಕೊಡೆ ರೆಕ್ಕೆಯಾಯಿತು. ಅಜ್ಜಿಯ ಅಗಲ ತಟ್ಟೆ ಗುಡುಗೀ ಗುಡುಗೀ ನೆಗ್ಗಿತು. (ಬೇರೆ ದಿನವಾಗಿದ್ದರೆ ಅಜ್ಜನೇ ನೆಗ್ಗುತ್ತಿದ್ದರು.) ದೇವರ ಮುಂದೆ ಕೂತಿದ್ದ ಅಜ್ಜಿ, "ಸಾಲದು, ಇನ್ನೂ ಜೋರಾಗಿ ಅಲ್ಲಾಡಿಸ್ರಿ" ಎಂದರು.

ಬಾತಿನ ಟೋಪಿ ಎಲ್ಲಿ ಬಿತ್ತು, ಏಡಿ ಯಾವ ಮೂಲೆಯಲ್ಲಿ ಅಡಗಿತು ಎಂದು ಮಗುವೇ ಅಜ್ಜನಿಗೆ ಹೇಳತೊಡಗಿತು. ಕತ್ತಲಿಗೆ ಹೆದರಿದ ಬಾತಿಗೆ, "ಮಾತಾಡ್ತಾ ಇರು, ನಾನಿದೀನಿ" ಎಂದು ಧೈರ್ಯ ತುಂಬಿತು. ಬಾತು ಬಿಕ್ಕಿಬಿಕ್ಕಿ ಅತ್ತಿತು. ಡಾಕ್ಟರು ಬಾತಿಗೇನೂ ಅಳಬಾರದೆಂದು ಹೇಳಿರಲಿಲ್ಲವಲ್ಲ.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ಮಗು ಕಣ್ಣೇ ತೆರೆಯಲೊಲ್ಲದು. "ಬಾತು ಇನ್ನೂ ಪೆಟ್ಟಿಗೇಲಿದೆ. ನಾನು ಕಣ್ಣು ಬಿಟ್ರೆ ಅದು ಹೋಗ್ಬಿಡತ್ತೆ."

ಮಗುವಿನ ಅಮ್ಮ ಗೋಡೆ ಹಿಡಿದು ನಿಂತಳು, ಅಜ್ಜಿ ಕೈಮುಗಿದರು. ಅಜ್ಜ ಹಿಂದೆಮುಂದೆ ನೋಡಲಿಲ್ಲ. ಡಾಕ್ಟರ ಸ್ಟೀಲು ಟ್ರೇ ಎತ್ತಿ ಗುಡುಗಿಸಿದರು, ಜೊತೆಗೆ ತಂದಿದ್ದ ಕೊಡೆ ಬಡಿದರು, ಕ್ವಾಕ್ ಕ್ವಾಕ್ ಎಂದು ಅರಚುತ್ತಾ ಬಾತನ್ನು ಪೆಟ್ಟಿಗೆಯಿಂದ ಹಾರಿಸಿಯೇಬಿಟ್ಟರು. (ಹೊರಗೆ ಕಾಯುತ್ತಿದ್ದ ರೋಗಿಗಳಲ್ಲಿ ಇಬ್ಬರು ಎದ್ದು ಮನೆಗೆ ಹೋದರಂತೆ.) ಬಾತು ಬಂದಿದೆ, ನಿನ್ನ ಮುಂದೆಯೇ ನಿಂತಿದೆ ಎಂದರು.

ರೆಪ್ಪೆ ಮೆಲ್ಲಗೆ ತೆರೆಯಿತು. ಎದುರಿಗೆ ಒಂದು ಕೊಡೆ, ಒಂದು ಟ್ರೇ, ಕೊಕ್ಕಿನಂತೆ ಚೂಪಾಗಿಸಿದ ಬೊಚ್ಚು ಬಾಯಿ.

"ಏನು ಕಾಣತ್ತೆ ಪುಟ್ಟಿ?" ಡಾಕ್ಟರು ಕೇಳಿದರು.

"ಅಜ್ಜ."

ಅಜ್ಜಿ ಮುಗಿದ ಕೈ ಬಿಡಲಿಲ್ಲ. ಅಜ್ಜ ಎದೆಯುಬ್ಬಿಸಿ ಇನ್ನೊಮ್ಮೆ ಕ್ವಾಕ್ ಎನ್ನುವಷ್ಟರಲ್ಲಿ ಮಗು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಖ ಬಾಡಿಸಿಕೊಂಡಿತು.

"ಬರೀ ಅಜ್ಜ," ಎಂದಿತು. "ಪಟ್ಟಿ ಮತ್ತೆ ಕಟ್ಟಿ."