ಭೀಮಬಾಯಿಯ ಒಗೆಯುವ ಕಲ್ಲು ಮಾಳಿಗೆ ಏರಿದ ವೃತ್ತಾಂತ

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಮಹಾಸಮರವನ್ನು ವರ್ಣಿಸಲು ಕಡಲಮೊರೆತದಂಥ ಕಂಠ ಬೇಕು. ಸಂಜೆ ಶಾಲೆಯ ಬೆಂಚಿನ ಮೇಲೆ ಕೂಡಿಸಿಕೊಂಡ ನಾಲ್ಕಕ್ಷರದಿಂದ ಅದಕ್ಕೆ ಕೈ ಹಾಕುವುದು ಉದ್ಧಟತನ. ಎಲ್ಲಾದರೂ ಸಮಾಸ ಸಡಿಲಾಗಿದ್ದರೆ, ವಿಶೇಷಣ ಹೆಚ್ಚಾಗಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು. ಆದರೆ ಹೇಳದೆ ಬಿಟ್ಟರೆ ಚಿತ್ತಾಪುರದ ಓಣಿಯೊಂದರಲ್ಲಿ ನಡೆದ ಆ ಯುದ್ಧ ನಳದ ನೀರಿನ ಜೊತೆಗೇ ಗಟಾರಕ್ಕೆ ಹರಿದುಹೋದೀತೆಂಬ ಭಯ ಅದಕ್ಕಿಂತ ದೊಡ್ಡದು.

ಎಲೈ ಕಾಲಪುರುಷನೇ, ಪರ್ವತಗಳನ್ನು ಹುಡಿಮಾಡಿ ಕಡಲ ತಳಕ್ಕೆ ಸುರಿದವನೇ, ಆ ಹುಡಿಯನ್ನು ಮತ್ತೆ ಕಲ್ಲಾಗಿಸಿ ಅದರೊಳಗೆ ಶಂಖವನ್ನೂ ಮೀನಿನ ಮುಳ್ಳನ್ನೂ ಮಹಾಕಾಯ ಉರಗಗಳ ತೊಡೆಯೆಲುಬನ್ನೂ ಪುಸ್ತಕದ ಹಾಳೆಯ ನಡುವಿನ ಹೂವಿನಂತೆ ಒತ್ತಿಟ್ಟವನೇ, ಒಂದು ಗಳಿಗೆ ಇತ್ತ ತಿರುಗು. ಮನುಷ್ಯರು ಅಂಗೈಯಗಲದ ಗಾಜಿನಲ್ಲಿ ಮ್ಯೂಸಿಯಮ್ಮುಗಳ ಬಾಗಿಲು ತೆರೆಯುವ ಈ ಯುಗದಲ್ಲಿ, ಸೂಚೀಖಡ್ಗಧಾರಿಯೂ ಅಳತೆಪಟ್ಟಿಕಂಠಾಭರಣನೂ ಸಹಸ್ರಪಾಯಿಜಾಮನಿರ್ಮಾತೃವೂ ಆದ ದರ್ಜಿ ಕಾಶಿರಾಯನನ್ನು ಕಾಪಾಡು.

ಕಾಶಿರಾಯನ ಹೊಲಿಗೆಯಂಗಡಿ ಅವನ ಮನೆಯ ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿತ್ತು. ಓಣಿಯಲ್ಲಿ ನೆಟ್‌ವರ್ಕ್ ಸಿಗುವುದು ಆ ಕೋಣೆಯ ಕಿಟಕಿಯ ಹತ್ತಿರ ಮಾತ್ರ. ಒಂಬತ್ತು ಶನಿವಾರಗಳಿಂದ ಸಂಜೆ ನಾಲ್ಕಕ್ಕೆ ಸರಿಯಾಗಿ ಅವನು ಹೊಲಿಗೆ ಯಂತ್ರ ನಿಲ್ಲಿಸಿ, ಮುಖ ತೊಳೆದು, ದೂರದ ಊರಿನ ಮ್ಯೂಸಿಯಂ ನಡೆಸುವ ಪಳೆಯುಳಿಕೆಗಳ ತರಗತಿಗೆ ಫೋನಿನ ಮುಂದೆ ಕೂಡುತ್ತಿದ್ದ. ಸುರುಳಿ ಚಿಪ್ಪಿನ ಕಡಲಜೀವಿಗಳ ಚಿತ್ರವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡ. ದೈತ್ಯ ಹಲ್ಲಿಗಳ ಹೆಜ್ಜೆಯ ಉದ್ದವನ್ನು ಕೋಣೆಯೊಳಗೆ ಅಳತೆಪಟ್ಟಿ ಹಾಸಿ ನೋಡಿದ, ಕೋಣೆ ಸಾಲಲಿಲ್ಲ. ಪ್ರಶ್ನೆಗಳು ಹುಟ್ಟುತ್ತಿದ್ದವು, ಬೆರಳು ಅವನ್ನು ಬರೆಯುತ್ತಿತ್ತು, ಒತ್ತಕ್ಷರ ತಪ್ಪಿದ್ದೀತೆಂಬ ಅನುಮಾನ ಬಂದು ಅಳಿಸುತ್ತಿತ್ತು. ಮೈಕಿನ ಚಿತ್ರದ ಮೇಲಿನ ಕೆಂಪು ಗೀಟು ಒಂಬತ್ತು ವಾರ ಅಲುಗದೆ ನಿಂತಿತ್ತು.

ಹತ್ತನೆಯ ಶನಿವಾರ ಕೊನೆಯ ತರಗತಿ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ವಸ್ತುವನ್ನು ಕ್ಯಾಮೆರಾದ ಮುಂದೆ ತಂದು ಮೂರು ನಿಮಿಷ ಮಾತಾಡಬೇಕೆಂದು ಪಾಠ ಮಾಡುವ ಸುಮೇಧಾ ಮೇಡಂ ಹೇಳಿದ್ದರು. ಕಾಶಿರಾಯ ಮೊದಲು ಹೋಗುತ್ತಿದ್ದ ಸಂಜೆ ಶಾಲೆಯ ಮೇಷ್ಟ್ರು ವರ್ಷವಿಡೀ ಅವನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕಂಡಿದ್ದರೇ ಹೊರತು ಅವನ ದನಿ ಕೇಳಿರಲಿಲ್ಲ. ಈ ಮೂರು ನಿಮಿಷವೂ ಹೋದರೆ ಎರಡನೆಯ ಶಾಲೆಯಿಂದಲೂ ಮೂಕನಾಗಿಯೇ ಹೊರಬಿದ್ದಂತೆ. ಅದು ಅವನಿಗೆ ಗೊತ್ತಿತ್ತು. ಎರಡು ದಿನ ಊಟ ರುಚಿಸಿರಲಿಲ್ಲ.

ತೋರಿಸಬೇಕಾದ ವಸ್ತುವೂ ಸಿಕ್ಕಿತ್ತು. ಪಕ್ಕದ ಮನೆಯ ಭೀಮಬಾಯಿ ಬಟ್ಟೆ ಒಗೆಯುವ ಪರಸಿ ಕಲ್ಲು. ನಳದ ಬುಡದಲ್ಲಿ ಹಾಸಿದ್ದ ಆ ಚಪ್ಪಡಿಯ ಮೈಮೇಲೆ ಜರೀಗಿಡದಂಥ ಕಪ್ಪು ಟೊಂಗೆಗಳು ಸಣ್ಣಸಣ್ಣ ಎಲೆ ಬಿಟ್ಟುಕೊಂಡು ಹರಡಿದ್ದವು. ಹದಿನೈದು ವರ್ಷ ಅದನ್ನು ದಾಟಿ ಓಡಾಡಿದ್ದ ಕಾಶಿರಾಯ, ಕಲ್ಲಿನಲ್ಲಿ ಅಚ್ಚಾದ ಗಿಡಗಳ ಪಾಠ ಕೇಳಿದ ಮರುದಿನ ಹಲ್ಲುಜ್ಜುತ್ತ ನಿಂತಲ್ಲೇ ಅದನ್ನು ಮೊದಲ ಸಲ ಕಂಡ. ಫೋಟೋ ತೆಗೆದರೆ ಅವನದೇ ನೆರಳು ಬೀಳುತ್ತಿತ್ತು. ಕಲ್ಲೇ ಮೇಲೇರಬೇಕಿತ್ತು.

ಆಗ ರಣಭೂಮಿಯಲ್ಲಿ ಯಾರಿದ್ದರೆಂದು ಕೇಳಿರಿ. ಫೇನಮಂಡಿತಹಸ್ತೆ, ಆರ್ದ್ರಕೌದಿಮರ್ದಿನಿ, ಮೂವತ್ತು ವರ್ಷ ಪರಸಿ ಖಣಿಯಲ್ಲಿ ಹಾರೆ ಹಾಕಿ ಕಲ್ಲೆಬ್ಬಿಸಿ ಈಗ ಮನೆಯಲ್ಲಿ ಕೂತ ಅರವತ್ತರ ಭೀಮಬಾಯಿ, ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು ಬಂದ ಆ ಪುಣ್ಯಕಾಲದಲ್ಲಿ, ಮನೆಮಂದಿ ಹೊದೆಯುವ ದೊಡ್ಡ ಕೌದಿಯನ್ನು ಅದೇ ಕಲ್ಲಿನ ಮೇಲೆ ಹಾಕಿಕೊಂಡು ಕೂತಿದ್ದಳು. ಮೂರೂ ಕಾಲು ಗಂಟೆ. ಸೈನ್ಯವಿಲ್ಲದ, ಸಾರಥಿಯಿಲ್ಲದ ಕಾಶಿರಾಯ ಎದುರಿಗೆ ಹೋಗಿ ನಿಂತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತನ್ನು ಬಾಣದಂತೆ ಹೂಡಿದ.

“ಅಕ್ಕಾ, ನೀವು ಕೂತಿದ್ದು ಕಲ್ಲಲ್ಲ. ಕೋಟಿ ವರ್ಷದ ಹಿಂದಿನ ಗಿಡ ಅದ ಅದರಾಗ. ಒಂದು ತಾಸು ನನಗ ಕೊಡ್ರಿ. ಈ ಊರಿನ ಹೆಸರು ನಾಡಿಗೆಲ್ಲ ಗೊತ್ತಾಗ್ತದ.”

“ಗಿಡ ಇರಲಿ ಬಿಡಪಾ. ನಳ ಬಂದದ, ಕೌದಿ ನೆನೀಲತ್ತದ. ಕೋಟಿ ವರ್ಷ ಕಾದದ್ದು ಇನ್ನ ನಾಕು ದಿನ ಕಾಯಂಗಿಲ್ಲೇನು?”

ಆ ಒಂದೇ ಪ್ರತ್ಯಸ್ತ್ರಕ್ಕೆ ದರ್ಜಿಯ ಕವಚ ಬಿರಿಯಿತು. ಅವನು ಭೂಗರ್ಭದ ಯುಗಗಳನ್ನೆಲ್ಲ ಒಂದೊಂದಾಗಿ ಎಸೆದ. ಅವಳು ಸಬಕಾರ ತಿಕ್ಕುತ್ತಲೇ ಅವನ್ನೆಲ್ಲ ತಡೆದಳು. ಕಲ್ಲು ಕಿತ್ತರೆ ನೀರು ಗಟಾರಕ್ಕೆ ಹರಿಯುವ ವಾಟ ಕೆಡುತ್ತದೆಂದಳು, ಕಳೆದ ವರ್ಷ ತನ್ನ ರವಿಕೆಯ ತೋಳು ಬಿಗಿ ಹೊಲಿದದ್ದನ್ನೂ ಎತ್ತಿದಳು. ಗಡಿಯಾರ ಮೂರೂವರೆ ದಾಟಿತು. ಆಗ ವೀರನು ಶಸ್ತ್ರ ಕೆಳಗಿಟ್ಟು, ಪಾಠ ಮಾಡಿರದ ಮಾತೊಂದನ್ನು ಸಣ್ಣಗೆ ಆಡಿದ.

“ಇವತ್ತು ನನ್ನ ಸರತಿ ಅದ ಅಕ್ಕಾ. ಒಂಬತ್ತು ವಾರದಾಗ ಒಮ್ಮಿನೂ ಬಾಯಿ ಬಿಟ್ಟಿಲ್ಲ ನಾ.”

ಭೀಮಬಾಯಿಯ ಕೈ ನಿಂತಿತು. ಅವನನ್ನು ಒಂದು ಸಲ ನೋಡಿದಳು. ಹಾಗಾದರೆ ಕೌದಿಯ ಆ ತುದಿ ಹಿಡಿ ಎಂದಳು.

ನೀರು ಕುಡಿದ ಕೌದಿಯ ಭಾರವನ್ನು ಬಲ್ಲವರೇ ಬಲ್ಲರು. ಹಾವು ತಿರುಚಿಕೊಂಡಂತೆ ಅದನ್ನು ಇಬ್ಬರೂ ಎರಡು ಕಡೆಯಿಂದ ಹಿಂಡಿದರು. ಸೂಜಿಗಿಂತ ಭಾರವಾದದ್ದನ್ನು ಎತ್ತದ ಕೈಗಳಿಂದ ತುದಿ ಎರಡು ಸಲ ಜಾರಿತು, ಪಾಯಿಜಾಮ ಮೊಣಕಾಲಿನವರೆಗೆ ತೊಯ್ದಿತು. ಕೌದಿ ಹಗ್ಗ ಏರಿದ ಮೇಲೆ ಭೀಮಬಾಯಿ ಹಾರೆ ತಂದು, ಕಲ್ಲಿನ ಯಾವ ಮೂಲೆಗೆ ಹಾಕಬೇಕೋ ಅಲ್ಲಿಗೇ ಹಾಕಿ, ಒಂದು ಮೀಟಿಗೆ ಎಬ್ಬಿಸಿದಳು. ನೀನೊಬ್ಬನೇ ಎತ್ತಿದರೆ ಒಡೀತಿ ಎಂದು ಒಂದು ಕಡೆ ತಾನೇ ಹಿಡಿದಳು. ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ಕಾಶಿರಾಯ ತನ್ನ ಕುಲದೈವವನ್ನು ನೆನೆದ. ಹನ್ನೊಂದನೆಯದರಲ್ಲಿ ಭೀಮಬಾಯಿ ಅವನ ಹೆಬ್ಬೆರಳನ್ನು ಕಲ್ಲಿನಡಿಯಿಂದ ಸರಿಸಿದಳು.

ತರಗತಿ ಆಗಲೇ ಶುರುವಾಗಿತ್ತು, ಫೋನಿನಲ್ಲಿ ಒಬ್ಬರು ಕುರಿಯ ಹಲ್ಲು ತೋರಿಸಿ ಮುಗಿಸುತ್ತಿದ್ದರು. ಮೇಡಂ ಕಾಶಿರಾಯನ ಹೆಸರು ಕರೆದರು. ಅವನು ಮೈಕಿನ ಕೆಂಪು ಗೀಟನ್ನು ಒತ್ತಿ ಅಳಿಸಿದ. ಭೀಮಬಾಯಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಹಿಂದಿನಿಂದ ಹಿಡಿದುಕೊಂಡಳು. ಗಂಟಲು ಸರಿಮಾಡಿಕೊಂಡು ಅವನು ಮೊದಲ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮುಂದೆ ಬಾಗಿದರು.

“ಚೆನ್ನಾಗಿದೆ. ಇದು ಎಲ್ಲಿಂದ ತೆಗೆದದ್ದು? ಯಾವ ಪದರದ್ದು?”

ಅವನಿಗೆ ಗೊತ್ತಿರಲಿಲ್ಲ. ಜಾಗ ಬರೆದಿಡದೆ ಎತ್ತಿದ ವಸ್ತುವಿನ ಅರ್ಧ ಕಥೆ ಕಳೆದುಹೋಗುತ್ತದೆಂದು ಮೂರನೆಯ ವಾರವೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದ. ಆ ಪುಟ ಕಣ್ಣಿಗೆ ಕಟ್ಟಿತು. ಕಲ್ಲಿನ ಹಿಂದಿನಿಂದ ಭೀಮಬಾಯಿಯ ತಲೆ ಮೇಲೆ ಬಂತು.

“ಮ್ಯಾಲಿಂದ ಆರು ಪದರ ಎತ್ತಿದ ಮ್ಯಾಲ ಇದು ಸಿಗ್ತದ್ರಿ ಮೇಡಂ. ಎಲ್ಲಿ ಸೀಳು ಬಿಟ್ಟು ನೀರು ಹೊಕ್ಕಿರ್ತದೋ ಅಲ್ಲೇ ಈ ಕರೇ ಕಲೆ. ಗಟ್ಟಿ ಕಲ್ಲಿನಾಗ ಬರಂಗಿಲ್ಲ. ಕಲೆ ಇದ್ದದ್ದು ಯಾರೂ ಮನಿಗಿ ಒಯ್ಯಂಗಿಲ್ಲ ಅಂತ ಆಚಿಗೆ ಬಿಸಾಡ್ತಿದ್ರು. ಅದ್ರಾಗಿನ ಒಂದು ನಾ ತಂದೀನಿ.”

ಮೇಡಂ ಕುರ್ಚಿಯಲ್ಲಿ ನೆಟ್ಟಗಾದರು. ಅಮ್ಮ ಹೇಳಿದ್ದೇ ಸರಿ, ಇದು ಗಿಡವಲ್ಲ, ಸೀಳಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಖನಿಜದ ಕಲೆ. ಈ ಕಲ್ಲು ಹುಟ್ಟಿದಾಗ ನೆಲದ ಮೇಲೆ ಜರೀಗಿಡವೇ ಇರಲಿಲ್ಲ ಎಂದು ವಿವರಿಸಿದರು. ಆಮೇಲೆ ತರಗತಿಯ ಇಪ್ಪತ್ತು ಮುಖಗಳೂ ಭೀಮಬಾಯಿಯನ್ನೇ ಕೇಳತೊಡಗಿದವು: ಪದರ ಹೇಗೆ ಗುರುತಿಸುತ್ತೀರಿ, ಹಾರೆ ಎಲ್ಲಿ ಹಾಕುತ್ತೀರಿ. ಅವಳು ಉತ್ತರ ಹೇಳಿದಳು. ಕಾಶಿರಾಯನ ಮೂರು ನಿಮಿಷ ಹೀಗೆ ಕರಗುತ್ತ ಬಂದು ಹತ್ತು ಸೆಕೆಂಡು ಉಳಿದಾಗ ಮೇಡಂ, ನೀವೇನಾದರೂ ಹೇಳುತ್ತೀರಾ ಕಾಶಿರಾಯರೇ ಎಂದರು.

ಒಂಬತ್ತು ವಾರದ ಮೌನ, ಒಂದು ಶಾಲೆಯ ಮೌನ, ಎಲ್ಲವೂ ಒಟ್ಟಾಗಿ ಅವನ ಬಾಯಿಗೆ ಬಂತು.

“ಈ ಕಡಿ ತುದಿ ನಾ ಹಿಡ್ದಿದ್ದೆ ರೀ.”

ಅಷ್ಟಕ್ಕೆ ಮುಂದಿನವರ ಸರತಿ ಬಂತು.

ಕಲ್ಲು ಇಳಿಸುವಾಗ, ಮೊದಲೇ ಯಾಕೆ ಹೇಳಲಿಲ್ಲವೆಂದು ಅವನು ಕೇಳಿದ. “ನೀ ಕಲ್ಲು ಬೇಡಿದಿ. ಕಲ್ಲಿನ ಸುದ್ದಿ ಕೇಳಿದಿ ಏನು?” ಎಂದಳು ಭೀಮಬಾಯಿ. ಮಣ್ಣು ಸಮ ಮಾಡಿ, ಕಲ್ಲು ಕೂಡಿಸಿ, ಒಂದು ಚೊಂಬು ನೀರು ಸುರಿದಳು. ನೀರು ಗಟಾರದ ಕಡೆಗೇ ಹರಿಯಿತು.

ಕೆಸರು ಮೆತ್ತಿಕೊಂಡಿದ್ದ ಆ ಕಲ್ಲಿನ ಅಡಿಮೈಯಲ್ಲಿ ಏನಿತ್ತೆಂದು ಮಾತ್ರ ಗೊತ್ತಿಲ್ಲ. ಹತ್ತುವಾಗ ಇಬ್ಬರೂ ಮೆಟ್ಟಿಲು ನೋಡುತ್ತಿದ್ದರು, ಮೇಲೆ ನಿಂತಾಗ ಫೋನು ನೋಡುತ್ತಿದ್ದರು, ಇಳಿಯುವಾಗಲೂ ಮೆಟ್ಟಿಲನ್ನೇ ನೋಡುತ್ತಿದ್ದರು.