ಸಕ್ಕರೆ ಸುಟ್ಟು ಮಾಡುವ ಪೆಲಾವ್

ಬೇರೆ ಊರಿನವರ ಅಡುಗೆಗೆ ಕೈಹಾಕುವ ಚಟ ನನ್ನ ಹೆಂಡತಿಗೆ ಇರುವವರೆಗೆ ನಮ್ಮ ಮನೆಯಲ್ಲಿ ನಗುವಿಗೆ ಬರವಿಲ್ಲ. ಕೊಲ್ಲಿ ದೇಶದ ಅಬು ಹಲೀಫಾದಲ್ಲಿದ್ದಾಗ ಎದುರು ಫ್ಲಾಟಿನಲ್ಲಿ ಟ್ರಿನಿಡಾಡಿನ ಒಬ್ಬರು ಸಿಸ್ಟರ್ ಇದ್ದರು, ಹೆಂಡತಿಯ ಆಸ್ಪತ್ರೆಯಲ್ಲೇ ನರ್ಸ್. ಅವರ ಮುತ್ತಜ್ಜ ಭಾರತದಿಂದ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿದವರು. ಸಿಸ್ಟರ್ ಮಾಡುವ ಪೆಲಾವ್ ಎಂದರೆ ನಮಗೆ ಪ್ರಾಣ. ಸಕ್ಕರೆಯನ್ನು ಎಣ್ಣೆಯಲ್ಲಿ ಕಪ್ಪಗೆ ಸುಟ್ಟು ಕೋಳಿ ಹುರಿಯುವುದು ಆಫ್ರಿಕಾದವರಿಂದ ಬಂದದ್ದು, ಅನ್ನ ನಮ್ಮ ಪಲಾವಿನ ನೆಂಟ, ಜೊತೆಗೆ ತೊಗರಿಕಾಳು, ತೆಂಗಿನ ಹಾಲು. ಇಷ್ಟು ಜನರ ಕೈ ಬಿದ್ದೂ ಕೆಡದ ಅಡುಗೆಯನ್ನು ನಾನು ಬೇರೆ ಕಂಡಿಲ್ಲ.

೧

ಒಮ್ಮೆ ಸಿಸ್ಟರನ್ನು ಸಾಮಾನಿಗೆಂದು ನಮ್ಮೂರವರ ಅಂಗಡಿಗಳಿರುವ ಅಬ್ಬಾಸಿಯಾಕ್ಕೆ ಕರೆದುಕೊಂಡು ಹೋದೆ. ಅಂಗಡಿಯ ಬ್ಯಾರಿ ಕಾಕಾ ಸಿಸ್ಟರ್ ಅವರ ಮುಖ ನೋಡಿ ಹಿಂದಿಯಲ್ಲಿ ಮಾತಾಡಿಸಿದರು, ಆಮೇಲೆ ಮಲಯಾಳದಲ್ಲಿ, ಕೊನೆಗೆ ತುಳುವಿನಲ್ಲಿ. ಸಿಸ್ಟರ್ ಎಲ್ಲದಕ್ಕೂ ನಕ್ಕರು.

"ಇವರ ಊರು ಟ್ರಿನಿಡಾಡ್, ಕಾಕಾ" ಎಂದೆ.

"ಹೌದಾ? ಅದೆಲ್ಲಿ ಬರ್ತದೆ, ಕುಂದಾಪುರ ದಾಟಿಯಾ?"

೨

ಹೆಂಡತಿ ಒಂದು ದಿನ ತಾನೇ ಪೆಲಾವ್ ಮಾಡಲು ಹೊರಟಳು. ಎಣ್ಣೆ ಹಾಕುವುದು ಮೊದಲೇ ಮರೆತಿತ್ತು. ಸಕ್ಕರೆ ಕರಗಿ ಹೊಂಬಣ್ಣಕ್ಕೆ ಬಂತು. ಇನ್ನೂ ಕಪ್ಪಾಗಬೇಕಿತ್ತು, ಆದರೆ ಮಂಗಳೂರಿನ ಕ್ರಿಸ್ತಾಂವ್ ಮನೆಯಲ್ಲಿ ಪಳಗಿದ ಕೈ ಅಂಥ ಸಕ್ಕರೆಯನ್ನು ಸುಡಲು ಬಿಟ್ಟೀತೇ? ಸಂಜೆ ಸಿಸ್ಟರ್ ಹಸಿದು ಬಂದು "ಪೆಲಾವ್ ಎಲ್ಲಿ?" ಎಂದರು.

ಹೆಂಡತಿ ಫ್ರಿಜ್ಜಿನಿಂದ ಕ್ಯಾರಮೆಲ್ ಪುಡ್ಡಿಂಗ್ ತೆಗೆದಿಟ್ಟಳು. "ಕೋಳಿಯ ಬದಲು ಕೋಳಿಮೊಟ್ಟೆ ಹಾಕಿದೆ."

೩

ಸಿಸ್ಟರ್ ಅವರ ಅಮ್ಮ ವಿಸಿಟ್ ವೀಸಾದಲ್ಲಿ ಬಂದರು; ನಮಗೆಲ್ಲ ಅವರು ಅಜ್ಜಿ. ಮಗಳ ಪೆಲಾವಿಗೆ ಆ ತಾಯಿ ಜನ್ಮದಲ್ಲಿ ಒಮ್ಮೆಯೂ "ಚೆನ್ನಾಗಿದೆ" ಎಂದವರಲ್ಲ. ಈ ಸಲ ಅವರ ಬಾಯಿಂದ ಹೇಳಿಸಿಯೇ ಸೈ ಎಂದು ಸಿಸ್ಟರ್ ಹಟ ತೊಟ್ಟಿದ್ದರು. ಪೆಲಾವ್ ಮಾಡಬೇಕೆಂದಿದ್ದ ದಿನವೇ ಡ್ಯೂಟಿ ಬಿತ್ತು. ವಿಧಾನವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, "ನನ್ನ ಮಾನ ನಿನ್ನ ಕೈಯಲ್ಲಿದೆ" ಎಂದು ಹೆಂಡತಿಗೆ ಹೇಳಿ ಹೋದರು.

ಹೆಂಡತಿ ಶಿಲುಬೆ ಗುರುತು ಹಾಕಿಕೊಂಡು ಸಕ್ಕರೆ ಸುಟ್ಟಳು.

"ಸಾಕು ಮಾರಾಯ್ತಿ, ಹೊಗೆ ಬರ್ತಾ ಉಂಟು!" ಎಂದೆ.

"ನೀವು ಸುಮ್ಮನಿರಿ, ಹಾಳೆಯಲ್ಲಿ ಹಾಗೇ ಉಂಟು."

ಸಿಸ್ಟರ್ ಡ್ಯೂಟಿ ಮುಗಿಸಿ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಅಜ್ಜಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ತಟ್ಟೆ ಖಾಲಿ ಮಾಡಿ ಮತ್ತೆ ಬಡಿಸಿಕೊಂಡರು. ಹೆಂಡತಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

"ಪೆಲಾವ್ ಅಂದರೆ ಇದು" ಎಂದರು ಅಜ್ಜಿ ಮಗಳಿಗೆ. "ಈ ಹುಡುಗಿಯ ಹತ್ತಿರ ಕಲಿತುಕೋ."

ಸಿಸ್ಟರ್ ಕುರ್ಚಿಯಿಂದ ಎದ್ದೇಬಿಟ್ಟರು. "ಅಮ್ಮಾ, ಇದನ್ನು ಅವಳಿಗೆ ಬರೆದುಕೊಟ್ಟವಳೇ ನಾನು!"

ಅಜ್ಜಿ ಹಾಳೆಯನ್ನು ತರಿಸಿ, ಕನ್ನಡಕ ಹಾಕಿ ಪೂರ್ತಿ ಓದಿದರು. ಆಮೇಲೆ ಮಗಳ ಭುಜ ತಟ್ಟಿ, "ಅಕ್ಷರ ಚೆನ್ನಾಗಿದೆ" ಎಂದರು.